ಎರಡು ತಂತಿಯ ಚೀನೀ ವಾದ್ಯ ಎರ್ಹುವಿನ ಮಟ್ಟನ್ನ ಏಳು ಜನಕ್ಕೆ ಹಂಚೋದು ಹೇಗೆ? ವಯಲಿನ್, ಸೆಲ್ಲೊ ಬಲ್ಲವರು ಸ್ವಲ್ಪ ಹೇಳಿ

ವಯೋಲಾ ಮೈಸೂರು | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಹನ್ನೊಂದು ವರ್ಷದಿಂದ ಸಿಂಗಪುರದಲ್ಲಿದ್ದೀನಿ. ಚಿಕ್ಕವನಿದ್ದಾಗ ಚಕ್ಕಳಮಕ್ಕಳ ಹಾಕಿ ಕೂತು ಕಲಿತ ವಯಲಿನ್ನು ಪಿಯುಸಿ ಹೊತ್ತಿಗೆ ಅಟ್ಟ ಸೇರಿತ್ತು. ಇಲ್ಲಿಗೆ ಬಂದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ತಂತಿವಾದ್ಯದ ಗುಂಪಿಗೆ ಸೇರಿಕೊಂಡೆ. ವಯಲಿನ್ನಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ ಹಿಡಿಯೋರು ಯಾರೂ ಇರಲಿಲ್ಲ, ಹೊಸಬ ಅಂತ ನನ್ನ ಕೈಗೇ ತುರುಕಿದರು. ಈಗ ನಾಲ್ಕು ವಯಲಿನ್, ನಾನೊಬ್ಬ, ಎರಡು ಸೆಲ್ಲೊ. ಒಟ್ಟು ಏಳು ಜನ.

ಗುಂಪಿನಲ್ಲಿ ಹೆಚ್ಚಿನವರು ಚೀನೀ ಮೂಲದವರು. ನಮ್ಮ ಭಾದ್ರಪದ ಹುಣ್ಣಿಮೆಯ ಆಸುಪಾಸಿಗೆ ಅವರ ಮೂನ್‌ಕೇಕ್ ಹಬ್ಬ ಬರುತ್ತಲ್ಲ, ಅದಕ್ಕೆ ಚಂದ್ರನ ಹೆಸರಿರೋದು ಏನಾದ್ರೂ ನುಡಿಸೋಣ ಅಂತ 'ಎರ್‌ಚ್ವಾನ್ ಯಿಂಗ್‌ಯುಎ' ಆರಿಸಿದರು. ಎರಡನೇ ಬುಗ್ಗೆಯಲ್ಲಿ ಚಂದ್ರನ ಬಿಂಬ ಅಂತ ಅರ್ಥ. ಅದನ್ನ ಏಳು ಜನಕ್ಕೆ ಹೊಂದಿಸಿ ಬರೆಯೋ ಕೆಲಸ ನನಗೆ ಬಂತು. ಕಾರಣ ಪಾಂಡಿತ್ಯ ಅಲ್ಲ, ಸ್ವರ ಬರೆಯೋ ಸಾಫ್ಟ್‌ವೇರ್ ಇರೋದು ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ.

ಮೊದಲ ಪ್ರಯತ್ನ ಹೀಗಿತ್ತು. ಮಟ್ಟು ಪೂರ್ತಿ ಒಂದನೇ ವಯಲಿನ್ನಿಗೆ, ಚೆನ್ನಾಗಿ ಕೇಳಲಿ ಅಂತ ಒಂದು ಸ್ಥಾಯಿ ಮೇಲೆ. ಎರಡನೇ ವಯಲಿನ್ ಕೆಳಗಡೆ ಜೊತೆಜೊತೆಗೆ. ಸೆಲ್ಲೊಗೆ ಜಿ, ಸಿ, ಡಿ ಕಾರ್ಡುಗಳು, ಅಂದ್ರೆ ಒಟ್ಟಿಗೆ ಕೇಳೋ ಸ್ವರಗುಚ್ಛಗಳು. ಕಾಗದದ ಮೇಲೆ ಒಂದೂ ತಪ್ಪಿಲ್ಲ. ನುಡಿಸಿದಾಗ ಮಾತ್ರ ಮದುವೆ ರಿಸೆಪ್ಷನ್ನಿನಲ್ಲಿ ಊಟದ ಹೊತ್ತಿಗೆ ಬಾರಿಸ್ತಾರಲ್ಲ, ಹಾಗಾಯ್ತು. ಪಕ್ಕದ ಬ್ಲಾಕಿನ ಒಬ್ಬರು ಅಂಕಲ್, ನಿವೃತ್ತ ಮೇಷ್ಟ್ರು, ಎರ್ಹು ನುಡಿಸ್ತಾರೆ. ಕೂತು ಪೂರ್ತಿ ಕೇಳಿ, "ಸ್ವರ ಎಲ್ಲಾ ಇದೆ" ಅಂದರು. ಅಷ್ಟೇ ಅಂದು ಎದ್ದು ಹೋದರು.

ಎಲ್ಲಿ ಎಡವಿದೆ?

ಕಮಾನುಕಟ್ಟೆ | ಭಾನುವಾರ ರಾತ್ರಿ

ಎರಡು ಕಡೆ. ಒಂದು, ಮಟ್ಟನ್ನ ಮೇಲೆತ್ತಿದ್ದು. ಇನ್ನೊಂದು, ಕಾರ್ಡು.

ಮೊದಲನೆಯದು ಸುಲಭ. ಈಗಿನ ಎರ್ಹುವಿನ ಒಳತಂತಿ ಡಿ, ಹೊರತಂತಿ ಎ. ಅಂದ್ರೆ ವಯಲಿನ್ನಿನ ನಡುವಿನ ಎರಡು ತಂತಿಗಳೇ. ಆದರೆ ಈ ಕೃತಿಗೆ ಶ್ರುತಿ ಅದಲ್ಲ. ಇದರ ಕರ್ತೃ ಅಬಿಂಗ್ ನುಡಿಸಿದ್ದು ದಪ್ಪ ರೇಷ್ಮೆ ತಂತಿಗಳ ಮೇಲೆ, ಐದು ಸ್ವರ ಕೆಳಗೆ, ಜಿ ಮತ್ತು ಡಿ. ಇವತ್ತಿಗೂ ಇದಕ್ಕೇ ಅಂತ ತಗ್ಗಿನ ಶ್ರುತಿಯ ಬೇರೆ ಎರ್ಹು ಇಟ್ಟುಕೊಳ್ಳೋರಿದ್ದಾರೆ. ನಿಮ್ಮ ವಯಲಿನ್ನಿನ ಅತಿ ಕೆಳಗಿನ ಎರಡು ತಂತಿ ಯಾವುವು? ಅವೇ. ಮಟ್ಟನ್ನ ಅಲ್ಲೇ ಬಿಡಿ, ಇ ತಂತಿಯ ಹತ್ತಿರ ಹೋಗಲೇಬೇಡಿ. ಇನ್ನೂ ಒಂದು ಮಾತು ಹೇಳ್ಲಾ? ವಯೋಲಾದಲ್ಲಿ ಆ ಜಿ, ಡಿ ನಡುವೆ ಕೂತಿವೆ. ನಾದ ಇನ್ನಷ್ಟು ಒರಟು, ಇನ್ನಷ್ಟು ಕಪ್ಪು. ಮೊದಲ ಸಲ ಮಟ್ಟು ಬರುವಾಗ ನೀವೇ ನುಡಿಸಿ.

ವಯೋಲಾ ಮೈಸೂರು

ಅಯ್ಯೋ ನಾನಾ? ವಯೋಲಾ ಜೋಕುಗಳನ್ನೆಲ್ಲ ಕೇಳಿಕೊಂಡು ಸುಮ್ಮನೆ ಹಿಂದೆ ಕೂತಿರೋನು ನಾನು.

ಕಮಾನುಕಟ್ಟೆ

ಅದಕ್ಕೇ.

ಹಳೇ ರೇಡಿಯೋ | ಸೋಮವಾರ ಬೆಳಿಗ್ಗೆ

ಅರೇಂಜ್‌ಮೆಂಟ್ ನನಗೆ ಗೊತ್ತಾಗಲ್ಲ, ನಾನು ಬರೀ ಕೇಳುಗ. ಆದರೆ ಹಬ್ಬಕ್ಕೆ ಇದನ್ನ ಆರಿಸಿದ್ದು ನೋಡಿ ನಗು ಬಂತು. ಹೆಸರಲ್ಲಿ ಚಂದ್ರ ಇದ್ದ ಮಾತ್ರಕ್ಕೆ ಬೆಳದಿಂಗಳೂಟದ ಸಂಗೀತ ಅಲ್ಲ ಇದು.

ಶಾಂಘೈಗೆ ಹತ್ತಿರದ ವುಶಿ ಊರಲ್ಲಿ ಹುಯ್‌ಶಾನ್ ಬೆಟ್ಟದ ಬುಡಕ್ಕೆ ಒಂದು ಬುಗ್ಗೆ ಇದೆ. ಚೀನಾದ ತಾಂಗ್ ರಾಜರ ಕಾಲದ ಚಹಾ ಪಂಡಿತ ಲು ಯು ಆ ನೀರಿಗೆ ಎರಡನೇ ಸ್ಥಾನ ಕೊಟ್ಟಿದ್ದ ಅಂತ 'ಎರಡನೇ ಬುಗ್ಗೆ' ಅನ್ನೋ ಹೆಸರು. ಅದೇ ಊರಿನವನು ಹುವಾ ಯೆನ್‌ಜುನ್, ಜನ ಕರೆಯುತ್ತಿದ್ದದ್ದು ಕುರುಡ ಅಬಿಂಗ್ ಅಂತ. 1893ರಲ್ಲಿ ಹುಟ್ಟಿದ್ದು. ಅಪ್ಪ ತಾವೋ ಗುಡಿಯ ಅರ್ಚಕ, ಸಂಗೀತ ಅಲ್ಲಿಂದಲೇ ಬಂದದ್ದು. ಗುಡಿ ಕೈತಪ್ಪಿತು, ಕಣ್ಣು ಹೋಯ್ತು, ಆಮೇಲೆ ಬೀದಿಯಲ್ಲಿ ನುಡಿಸಿ ಹೊಟ್ಟೆ ಹೊರೆದ.

1950ರಲ್ಲಿ ಯಾಂಗ್ ಯಿನ್‌ಲ್ಯೂ ಮತ್ತು ತ್ಸಾವ್ ಆನ್‌ಹ ಅನ್ನೋ ಇಬ್ಬರು ವಿದ್ವಾಂಸರು ಉಕ್ಕಿನ ತಂತಿಯ ಮೇಲೆ ಧ್ವನಿ ಹಿಡಿಯೋ ಯಂತ್ರ ಹೊತ್ತುಕೊಂಡು ಅವನಿದ್ದಲ್ಲಿಗೆ ಹೋದರು. ಅವನು ವಾದ್ಯ ಮುಟ್ಟಿ ಎರಡು ವರ್ಷ ಆಗಿತ್ತು. ಮನೆಯಲ್ಲಿ ನುಡಿಸೋ ಸ್ಥಿತಿಯ ವಾದ್ಯವೇ ಇರಲಿಲ್ಲ. ಎರವಲು ತಂದು ಒಂದೆರಡು ದಿನ ಕೈ ಪಳಗಿಸಿಕೊಂಡು ನುಡಿಸಿದ. ಎರ್ಹುವಿನಲ್ಲಿ ಮೂರು, ಪಿಪಾ ಅನ್ನೋ ಮೀಟೋ ವಾದ್ಯದಲ್ಲಿ ಮೂರು, ಒಟ್ಟು ಆರೇ ಮಟ್ಟು. ಇದಕ್ಕೇನು ಹೆಸರು ಅಂತ ಕೇಳಿದರೆ, ಹೆಸರಿಲ್ಲ, ಸುಮ್ಮನೆ ನುಡಿಸಿಕೊಂಡು ಬಂದದ್ದು ಅಂದನಂತೆ. ಬುಗ್ಗೆ, ಚಂದ್ರ ಎಲ್ಲಾ ಆಗ ಕೂತು ಹುಡುಕಿದ ಹೆಸರು. ಮುಂದಿನ ಸಲ ಇನ್ನಷ್ಟು ದಾಖಲಿಸೋಣ ಅಂದುಕೊಂಡಿದ್ದರು. ಅದೇ ವರ್ಷ ಡಿಸೆಂಬರಲ್ಲಿ ಅಬಿಂಗ್ ತೀರಿಹೋದ.

ಹಾಗಾಗಿ ಚಂದ್ರನ ಚಿತ್ರ ಬಿಡಿಸೋಕೆ ಹೋಗಬೇಡಿ. ಚಂದ್ರ ಆಮೇಲೆ ಬಂದವನು.

ವಯೋಲಾ ಮೈಸೂರು

ಇದು ಗೊತ್ತಿರಲಿಲ್ಲ. ನಾನು ಶುರುವಿನಲ್ಲಿ ನೀರಿನ ಅಲೆ ಥರ ಇರಲಿ ಅಂತ ಎರಡನೇ ವಯಲಿನ್ನಿಗೆ ಜುಳುಜುಳು ಅನ್ನೋ ಸ್ವರ ಬರೆದಿದ್ದೆ. ಈಗಲೇ ಅಳಿಸ್ತೀನಿ.

ಪೇಢಾಪ್ರಿಯ ಧಾರವಾಡ | ಸೋಮವಾರ ಮಧ್ಯಾಹ್ನ

ನಮಸ್ಕಾರ್ರೀ. ಕೇಳಿದೆ ಇದನ್ನ, ಮೂಲ ರೆಕಾರ್ಡಿಂಗ್. ತಂತಿ ಮ್ಯಾಲೆ ತಿಕ್ಕೋ ಸಪ್ಪಳ ಸುದ್ದಾ ಕೇಳಸ್ತದ. ಎದಿಯೊಳಗ ಏನೋ ಆತು. ನನಗನಸೋದು ಇಷ್ಟು: ಕಾರ್ಡ್ ಗೀರ್ಡ್ ಯಾಕ ಬೇಕ್ರಿ? ಎರಡೂ ಸೆಲ್ಲೊಕ್ಕ ಷಡ್ಜ ಪಂಚಮ ಕೊಟ್ಟು ತಂಬೂರಿ ಹಂಗ ಇಟ್ಟುಬಿಡ್ರಿ. ಜಿ, ಡಿ ಅಂದ್ರ ಸಾ, ಪಾ ಆತಲ್ಲ? ಅದರ ಮ್ಯಾಲೆ ಒಬ್ಬವ್ರು ನುಡಸಲಿ. ನಮ್ಮ ಭೂಪ ರಾಗದ ಛಾಯಾ ಅಂತೂ ಅದ.

ಕಮಾನುಕಟ್ಟೆ

ದಯವಿಟ್ಟು ಬೇಡ ಸಾರ್. ಶ್ರುತಿ ಹಿಡಿದು ಕೂರೋದು ನಮ್ಮ ಪದ್ಧತಿ. ಅಬಿಂಗ್ ಹಿಂದೆ ತಂಬೂರಿ ಇರಲಿಲ್ಲ. ಸಾ ಪಾ ನಿಂತ ತಕ್ಷಣ ನಮ್ಮ ಕಿವಿ ಅದನ್ನ ರಾಗ ಅಂತ ಕೇಳೋಕೆ ಶುರು ಮಾಡುತ್ತೆ. ಆಮೇಲೆ ಅದು ಚೀನೀ ಸಂಗೀತವಾಗಿ ಉಳಿಯಲ್ಲ, ಕಛೇರಿಯಲ್ಲಿ ಕೊನೆಗೆ ನುಡಿಸೋ 'ವಿದೇಶಿ ಧುನ್' ಆಗುತ್ತೆ.

ಪೇಢಾಪ್ರಿಯ ಧಾರವಾಡ

ಯುರೋಪಿನ ಕಾರ್ಡ್ ಹಾಕಿದ್ರ ಚೀನೀ ಉಳೀತದ, ನಮ್ಮ ತಂಬೂರಿ ಇಟ್ರ ಕೆಡ್ತದ, ಇದು ಯಾವ ನ್ಯಾಯ್ರಿ?

ಕಮಾನುಕಟ್ಟೆ

ಕಾರ್ಡೂ ಬೇಡ ಅಂತಾನೇ ಅಲ್ವಾ ನಾನು ಹೇಳ್ತಿರೋದು. ಸಿಟ್ಟಾಗಬೇಡಿ.

ಗ್ರಹಭೇದ | ಸೋಮವಾರ ಸಂಜೆ

ಇಬ್ಬರ ಮಾತಲ್ಲೂ ಹುರುಳಿದೆ. ಸ್ವಲ್ಪ ಲೆಕ್ಕ ಹಾಕೋಣ.

ಚೀನೀ ಐದು ಸ್ವರ ಅಂದ್ರೆ ಗೊಂಗ್, ಶಾಂಗ್, ಜುಎ, ಝಿ, ಯು. ಅಲ್ಲಿನವರು ಬರೆಯೋದು ಅಂಕಿಯಲ್ಲಿ: 1 2 3 5 6. ನಮ್ಮ ಸ ರಿ ಗ ಪ ದ, ಮೋಹನದ ಸ್ವರಗಳು. ಅಂಕಿ ನೊಟೇಶನ್ನು ನಮ್ಮ ಸರಿಗಮದ ಹಾಗೇ ಓದಿಸಿಕೊಳ್ಳುತ್ತೆ. ಕೆಳಗೆ ಚುಕ್ಕಿ ಇಟ್ಟರೆ ಮಂದ್ರ, ಮೇಲಿಟ್ಟರೆ ತಾರ, ಅಡಿಗೆರೆ ಎಳೆದರೆ ಕಾಲ ಅರ್ಧ. ಮೇಲ್ಗಡೆ 1=ಜಿ ಅಂತ ಬರೆದಿದ್ದರೆ ಷಡ್ಜ ಜಿಯಲ್ಲಿ ಅಂತ. ನಮ್ಮವರಿಗೆ ಹತ್ತು ನಿಮಿಷದಲ್ಲಿ ಬರುತ್ತೆ.

ಈಗ ಇದೇ ಐದು ಸ್ವರ ಇಟ್ಟುಕೊಂಡು ಆಧಾರ ಬದಲಿಸಿ. 2ನ್ನ ಸ ಮಾಡಿದರೆ ಮಧ್ಯಮಾವತಿ ರಾಗ. 3ಕ್ಕೆ ಹಿಂದೋಳ. 5ಕ್ಕೆ ಶುದ್ಧ ಸಾವೇರಿ. 6ಕ್ಕೆ ಉದಯರವಿಚಂದ್ರಿಕಾ. ಚೀನೀ ಮಟ್ಟುಗಳು ಈ ಮನೆಗಳ ನಡುವೆ ಓಡಾಡ್ತಾ ಇರುತ್ತವೆ. ಒಂದು ಸಾಲು ಇಲ್ಲಿ ನಿಂತರೆ ಮುಂದಿನದು ಅಲ್ಲಿ. ಜೊತೆಗೆ 4 ಮತ್ತು 7, ಅಂದ್ರೆ ಮ ಮತ್ತು ನಿ ಕೂಡ ದಾರಿಹೋಕರ ಹಾಗೆ ಬಂದು ಹೋಗ್ತವೆ. ಸೆಲ್ಲೊ ಸಾ-ಪಾ ಹಿಡಿದು ಕೂತರೆ ಆ ಓಡಾಟಕ್ಕೇ ಬೀಗ ಹಾಕಿದ ಹಾಗೆ. ಧಾರವಾಡದವರ ತಂಬೂರಿಗೆ ನನ್ನ ಆಕ್ಷೇಪ ಇದೊಂದೇ.

ಜಿ, ಸಿ, ಡಿ ಕಾರ್ಡಿನದ್ದು ಬೇರೆ ತೊಂದರೆ. ಆ ಮೂರು ಕಾರ್ಡುಗಳಲ್ಲಿ ಮ ಮತ್ತು ನಿ ಖಾಯಂ ನಿವಾಸಿಗಳು. ಮಟ್ಟಿನಲ್ಲಿ ಅತಿಥಿಯಾಗಿದ್ದೋರು ಸೆಲ್ಲೊದಲ್ಲಿ ಮನೆಯ ಯಜಮಾನರಾಗಿ ಕೂತಿದ್ದಾರೆ. ರಿಸೆಪ್ಷನ್ ವಾಸನೆ ಬಂದಿದ್ದು ಅಲ್ಲಿಂದ. ಚೀನಾದವರಿಗೂ ಈ ತಲೆನೋವು ಹಳೇದು. ಲಿ ಯಿಂಗ್‌ಹಾಯ್ ಅನ್ನೋ ಸಂಯೋಜಕ 1959ರಲ್ಲೇ ಐದು ಸ್ವರದ ಮಟ್ಟಿಗೆ ಎಂಥ ಹಾರ್ಮನಿ ಹೊಂದುತ್ತೆ ಅಂತ ಇಡೀ ಶಾಸ್ತ್ರಗ್ರಂಥ ಬರೆದಿದ್ದಾರೆ.

ಕಡಲಕರೆ

ಮೋಹನ ಅಂತ ಹೇಳಿದ್ದೇ ತಡ, ನಾಳೆ ಯಾರಾದ್ರೂ ಸಂಗೀತ ಚೀನಾಕ್ಕೆ ನಮ್ಮಿಂದಲೇ ಹೋದದ್ದು ಅಂತ ಫಾರ್ವರ್ಡ್ ಮಾಡ್ತಾರೆ ನೋಡಿ ಮಾರಾಯ್ರೆ.

ಗ್ರಹಭೇದ

ಬೇಡಪ್ಪಾ. ಐದು ಸ್ವರ ಯಾರಪ್ಪನ ಆಸ್ತಿಯೂ ಅಲ್ಲ.

ಸೆಲ್ಲೊ ಸುಬ್ಬಿ | ಸೋಮವಾರ ರಾತ್ರಿ

ಕಾರ್ಡೂ ಬೇಡ, ತಂಬೂರಿಯೂ ಬೇಡ. ಹಾಗಾದ್ರೆ ಸೆಲ್ಲೊದವರು ಏನು ಮಾಡಬೇಕು, ತೊಡೆ ಮಧ್ಯ ಇಟ್ಟುಕೊಂಡು ಕೂರಬೇಕಾ? ಯಾವಾಗಲೂ ನಮ್ಮ ಹಣೆಬರಹ ಇಷ್ಟೇ.

ಕಮಾನುಕಟ್ಟೆ | ಸೋಮವಾರ ರಾತ್ರಿ

ಸುಬ್ಬಿ ಮೇಡಂ, ನಿಮಗೇ ಬರ್ತಾ ಇದ್ದೆ.

ಶಾಂಘೈ ಸುತ್ತಮುತ್ತ ಜಿಯಾಂಗ್‌ನಾನ್ ಸೀಮೆಯಲ್ಲಿ 'ಸಿಜು' ಅಂತ ಒಂದು ಪದ್ಧತಿ ಇದೆ. ರೇಷ್ಮೆ ಮತ್ತು ಬಿದಿರು ಅಂತ ಅರ್ಥ, ಅಂದ್ರೆ ತಂತಿವಾದ್ಯ ಮತ್ತು ಕೊಳಲು. ಚಹಾ ಅಂಗಡಿಯಲ್ಲಿ ಮೇಜಿನ ಸುತ್ತ ಕೂತು ನುಡಿಸ್ತಾರೆ. ಎಲ್ಲರದೂ ಒಂದೇ ಮಟ್ಟು, ಆದರೆ ಒಬ್ಬೊಬ್ಬರೂ ತಮ್ಮ ವಾದ್ಯಕ್ಕೆ ಒಗ್ಗೋ ಹಾಗೆ. ಕೊಳಲಿನವನು ಸ್ವರ ತುಂಬ್ತಾನೆ, ಪಿಪಾದವನು ಒಡೆದು ಮೀಟ್ತಾನೆ, ಎರ್ಹು ಜಾರುತ್ತೆ. ಅವರಲ್ಲಿ ಒಂದು ಮಾತಿದೆ: ನೀನು ತುಂಬಿದರೆ ನಾನು ಬಿಡ್ತೀನಿ. ಒಬ್ಬ ಸಂಗತಿ ಹಾಕ್ತಿದ್ದರೆ ಇನ್ನೊಬ್ಬ ಮಟ್ಟಿನ ಮೂಳೆಯನ್ನಷ್ಟೇ ನುಡಿಸ್ತಾನೆ. ನಮ್ಮ ಕಛೇರಿಯಲ್ಲಿ ಹಾಡುವವರ ಹಿಂದೆ ಪಿಟೀಲಿನವರು ಅದೇ ಸಾಲನ್ನ ನೆರಳಿನ ಹಾಗೆ, ಸ್ವಲ್ಪ ತಡವಾಗಿ, ಸ್ವಲ್ಪ ಬೇರೆಯಾಗಿ ಹಿಡಿಯಲ್ವಾ? ಕಾರ್ಡೇ ಇಲ್ಲದೆ ಅಲ್ಲಿ ಮೈ ತುಂಬುತ್ತಲ್ಲ, ಆ ಥರ.

ಹಾಗಾಗಿ ಸೆಲ್ಲೊಗೂ ಮಟ್ಟನ್ನೇ ಕೊಡಿ, ಆದರೆ ಮೂಳೆ ಮಾತ್ರ. ವಯೋಲಾ ಎಂಟು ಸ್ವರ ನುಡಿಸೋ ಕಡೆ ಸೆಲ್ಲೊ ಒಂದು ಸ್ಥಾಯಿ ಕೆಳಗೆ ಎರಡೇ ಸ್ವರ. ವಯೋಲಾ ಉದ್ದ ಸ್ವರದಲ್ಲಿ ನಿಂತಾಗ ಸೆಲ್ಲೊ ಆ ಖಾಲಿಯಲ್ಲಿ ಒಂದು ಸಣ್ಣ ಎಳೆ. ಇಬ್ಬರೂ ಒಂದೇ ಸ್ವರಕ್ಕೆ ಬಂದು ಸೇರೋ ಜಾಗ ಮೂರೋ ನಾಲ್ಕೋ ಇದ್ದರೆ ಸಾಕು. ಅಲ್ಲಲ್ಲಿ ಸ-ರಿ, ಪ-ದ ಥರದ ಡಿಕ್ಕಿ ಬಂದರೆ ಬರಲಿ, ಸರಿಪಡಿಸೋಕೆ ಹೋಗಬೇಡಿ.

ಒಂದು ಎಚ್ಚರಿಕೆ. ಅಬಿಂಗ್‌ನದು ಚಹಾ ಅಂಗಡಿ ಸಂಗೀತ ಅಲ್ಲ, ಒಂಟಿ ವಾದ್ಯ. ಆರಂಭದಲ್ಲಿ ನಿಟ್ಟುಸಿರಿನ ಹಾಗೆ ಇಳಿಯೋ ಒಂದು ತುಂಡು, ಆಮೇಲೆ ಮಟ್ಟು, ಆಮೇಲೆ ಅದೇ ಮಟ್ಟು ಐದು ಸಲ ಬೇರೆ ಬೇರೆ ರೂಪದಲ್ಲಿ. ಪ್ರತಿ ಸಲ ಸ್ವಲ್ಪ ಹಿಗ್ಗುತ್ತೆ, ಸ್ವಲ್ಪ ಮೇಲೇರುತ್ತೆ, ಕೊನೆಗೆ ಇಳಿದು ಹೋಗುತ್ತೆ. ಆರಂಭದ ತುಂಡಿನಲ್ಲೂ ಮೊದಲ ಸುತ್ತಿನಲ್ಲೂ ಏಳು ಜನ ಬೇಡವೇ ಬೇಡ. ಒಬ್ಬರು, ಹೆಚ್ಚೆಂದರೆ ಇಬ್ಬರು. ಮೌನವನ್ನೂ ಅರೇಂಜ್ ಮಾಡಬೇಕು. ಸಾಫ್ಟ್‌ವೇರಿನಲ್ಲಿ ಖಾಲಿ ಗೆರೆ ಕಂಡರೆ ತುಂಬಬೇಕು ಅನ್ನಿಸುತ್ತೆ, ಆ ಚಪಲ ನನಗೂ ಇದೆ.

ಸೆಲ್ಲೊ ಸುಬ್ಬಿ

ಒಪ್ಪಿದೆ. ಮೂಳೆ ನಮಗಿರಲಿ.

ಅರಮನೆ ಬ್ಯಾಂಡು | ಮಂಗಳವಾರ

ಇಷ್ಟೆಲ್ಲ ತಿಪ್ಪರಲಾಗ ಯಾಕೆ? ವೂ ಝೂಚಿಯಾಂಗ್ 1970ರ ದಶಕದಲ್ಲೇ ಇದನ್ನ ತಂತಿವಾದ್ಯಗಳ ಆರ್ಕೆಸ್ಟ್ರಾಗೆ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ. ಮಾಸ್ಕೋದಲ್ಲಿ ಕಲಿತು ಬಂದ ಮನುಷ್ಯ. ಹಾರ್ಮನಿ ಇದೆ, ಕೌಂಟರ್‌ಪಾಯಿಂಟ್ ಇದೆ, ಇಷ್ಟು ವರ್ಷದಿಂದ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳು ನುಡಿಸ್ತಿವೆ. ಯಾರೂ ರಿಸೆಪ್ಷನ್ ಅಂದಿಲ್ಲ. ಅದನ್ನೇ ಏಳು ಜನಕ್ಕೆ ಇಳಿಸಿಕೊಳ್ಳಿ. 'ಕಾರ್ಡು ಹಾಕಿದರೆ ಮೈಲಿಗೆ' ಅನ್ನೋ ಮಡಿವಂತಿಕೆ ನನಗೆ ಹಿಡಿಸಲ್ಲ.

ಕಮಾನುಕಟ್ಟೆ

ಆ ಕೃತಿಯ ಮೇಲೆ ಗೌರವ ಇದೆ. ಆದರೆ ಒಂದು ಕಥೆ ನಿಮಗೂ ಗೊತ್ತಿರಬೇಕು. 1978ರಲ್ಲಿ ಜಪಾನಿನ ಕಂಡಕ್ಟರ್ ಸೆಯ್ಜಿ ಒಝಾವಾ ಬೀಜಿಂಗ್‌ಗೆ ಬಂದು ಅದೇ ಅರೇಂಜ್‌ಮೆಂಟನ್ನ ಕಂಡಕ್ಟ್ ಮಾಡಿದರು. ಆಮೇಲೆ ಸಂಗೀತ ವಿದ್ಯಾಲಯದಲ್ಲಿ ಜ್ಯಾಂಗ್ ಜ್ಯೆನ್‌ಹ್ವಾ ಅನ್ನೋ ಹದಿಹರೆಯದ ಹುಡುಗಿ ಎರ್ಹುವಿನಲ್ಲಿ ಇದನ್ನ ನುಡಿಸಿದಳು. ಒಝಾವಾ ಅತ್ತುಬಿಟ್ಟರು, ಇದನ್ನ ಮಂಡಿಯೂರಿ ಕೇಳಬೇಕು ಅಂದರು ಅಂತ ಚೀನಾದಲ್ಲಿ ಇವತ್ತಿಗೂ ಹೇಳ್ತಾರೆ. ಗಮನಿಸಿ, ಅತ್ತದ್ದು ತಾವೇ ಕಂಡಕ್ಟ್ ಮಾಡಿದ ಅರೇಂಜ್‌ಮೆಂಟಿಗಲ್ಲ.

ಅರಮನೆ ಬ್ಯಾಂಡು

ಆ ಅರೇಂಜ್‌ಮೆಂಟ್ ಇಲ್ಲದಿದ್ದರೆ ಅವರು ಎರ್ಹು ಕೇಳೋಕೆ ಹೋಗ್ತಾನೇ ಇರಲಿಲ್ಲ. ಅದಕ್ಕೇನಂತೀರಿ?

ಕಮಾನುಕಟ್ಟೆ

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನೀವು ಹೇಳಿದ್ದು ಸರಿ.

ಫುಟ್‌ನೋಟ್

ಮಧ್ಯೆ ಬಾಯಿ ಹಾಕ್ತಿದ್ದೀನಿ. ಏಳು ಜನಕ್ಕೆ ಇಳಿಸಿಕೊಳ್ಳಿ ಅನ್ನೋದು ಅಷ್ಟು ಸಲೀಸಲ್ಲ. ಅಬಿಂಗ್ ತೀರಿಕೊಂಡಿದ್ದು 1950ರಲ್ಲಿ. ಸಿಂಗಪುರದಲ್ಲಿ ಹಕ್ಕು ಇರೋದು ಕರ್ತೃ ಸತ್ತ 70 ವರ್ಷದವರೆಗೆ, ಹಾಗಾಗಿ ಮೂಲ ಮಟ್ಟು ಮುಕ್ತ. ವೂ ಝೂಚಿಯಾಂಗ್ ತೀರಿಕೊಂಡಿದ್ದು 2022ರಲ್ಲಿ. ಅವರ ಅರೇಂಜ್‌ಮೆಂಟ್ ಅವರದೇ ಸ್ವತ್ತು, ಅದನ್ನ ಕತ್ತರಿಸಿ ಹೊಲಿಯೋಕೆ ಅನುಮತಿ ಬೇಕು. ಮೂಲ ಧ್ವನಿಮುದ್ರಣ ಕೇಳಿ ನೀವೇ ಬರೆದುಕೊಳ್ಳೋದು ಎಲ್ಲ ರೀತಿಯಲ್ಲೂ ವಾಸಿ. ಕಿವಿಗೂ ಒಳ್ಳೇದು.

ವಯೋಲಾ ಮೈಸೂರು | ಮಂಗಳವಾರ ರಾತ್ರಿ

ಸರಿ, ಹಾಗೇ ಮಾಡ್ತಿದ್ದೀನಿ. ಎರಡು ಗಂಟೆ ಕೂತು ಮೊದಲ ಸುತ್ತು ಬರೆದುಕೊಂಡೆ. ಹೊಸ ತಲೆನೋವು. ಕೇಳಿಸೋದನ್ನೆಲ್ಲ ಬರೆಯೋಕೆ ಹೋದರೆ ಹಾಳೆ ತುಂಬ ಸಣ್ಣ ಸಣ್ಣ ಸ್ವರ, ನೊಣ ಮುತ್ತಿದ ಹಾಗೆ. ಬಿಟ್ಟರೆ ಮತ್ತೆ "ಸ್ವರ ಎಲ್ಲಾ ಇದೆ" ಸ್ಥಿತಿ. ನಮ್ಮ ಗುಂಪಿನವರು ಬರೆದದ್ದನ್ನ ಮಾತ್ರ ನುಡಿಸ್ತಾರೆ, ಬರೆಯದೇ ಇದ್ದದ್ದನ್ನ ನುಡಿಸಲ್ಲ. ನಮ್ಮ ಮೇಷ್ಟ್ರು "ಗ ಸ್ವಲ್ಪ ಅಲ್ಲಾಡ್ಸೋ" ಅಂತಿದ್ದರು, ಅಷ್ಟಕ್ಕೇ ಅರ್ಥ ಆಗ್ತಿತ್ತು. ಇವರಿಗೆ ಹೇಗೆ ಹೇಳೋದು?

ಕಮಾನುಕಟ್ಟೆ | ಬುಧವಾರ ಬೆಳಿಗ್ಗೆ

ಸ್ವರ ಬರೆಯಬೇಡಿ, ಬೆರಳು ಬರೆಯಿರಿ. ನಾನು ಈ ಕೆಲಸದಲ್ಲಿ ಕಲಿತದ್ದು ಇದೊಂದೇ.

ಎರ್ಹುವಿಗೆ ಬೆರಳುಪಟ್ಟಿಯೇ ಇಲ್ಲ. ಬೆರಳು ತಂತಿಯನ್ನ ಒತ್ತೋದು ಗಾಳಿಯಲ್ಲಿ, ಕೆಳಗೆ ಮರ ಇಲ್ಲ. ಕಮಾನಿನ ಕೂದಲು ಎರಡು ತಂತಿಗಳ ಮಧ್ಯೆ ಸಿಕ್ಕಿಕೊಂಡಿರುತ್ತೆ, ಹೊರಗೆ ತೆಗೆಯೋಕೆ ಬರಲ್ಲ. ಒಳಮೈ ಒಂದು ತಂತಿಗೆ, ಹೊರಮೈ ಇನ್ನೊಂದಕ್ಕೆ. ಇಷ್ಟು ಮನಸ್ಸಲ್ಲಿಟ್ಟುಕೊಂಡರೆ ಬಹಳಷ್ಟು ತಾನಾಗೇ ತಿಳಿಯುತ್ತೆ. ಒಂದು, ವಯಲಿನ್ನಿನಲ್ಲಿ ಎರಡು ತಂತಿ ಒಟ್ಟಿಗೆ ನುಡಿಸೋದು ಇಲ್ಲಿ ನಿಷಿದ್ಧ. ಎರಡು, ಕಮಾನು ಎಗರಬಾರದು, ಅಂಟಿಕೊಂಡೇ ಇರಬೇಕು. ಇನ್ನು ಜಾರು. ಐದು ಸ್ವರದಲ್ಲಿ ಎರಡು ದೊಡ್ಡ ಕಂದಕ ಇವೆ, ಗ-ಪ ಒಂದು, ದ-ಸ ಇನ್ನೊಂದು. ಎರ್ಹುವಿನವರು ಹೆಚ್ಚಾಗಿ ಜಾರೋದು ಅಲ್ಲೇ. ವಯಲಿನ್ ಕಲಿತ ಕೈ ಆ ಎರಡು ಸ್ವರಕ್ಕೆ ಎರಡು ಬೆರಳು ಇಡುತ್ತೆ, ಇಲ್ಲ ಪಕ್ಕದ ತಂತಿಗೆ ಹಾರುತ್ತೆ. ಕಂದಕ ಚೊಕ್ಕವಾಗಿ ದಾಟಿದ ಹಾಗಾಯ್ತು, ಮಟ್ಟು ಸತ್ತಿತು. ನೀವು ಎರಡೂ ಸ್ವರದ ಮೇಲೆ ಒಂದೇ ಬೆರಳಿನ ಅಂಕಿ ಬರೆಯಿರಿ, ಮೇಲೆ 'ಜಿ ತಂತಿ' ಅಂತ ಹಾಕಿ ಉದ್ದಕ್ಕೆ ಚುಕ್ಕಿಗೆರೆ ಎಳೆಯಿರಿ. ಜಾರದೆ ಬೇರೆ ದಾರಿಯೇ ಇರಲ್ಲ. ನೊಣಗಳೂ ಹೋದವು.

ಶಾಂಘೈನಲ್ಲಿ ಬಟರ್‌ಫ್ಲೈ ಲವರ್ಸ್ ಅನ್ನೋ ವಯಲಿನ್ ಕಾನ್ಸರ್ಟೊ ಬರೆದ ಹುಡುಗರು ಹಿಡಿದದ್ದೂ ಇಂಥದ್ದೇ ದಾರಿ. ಹ ಝಾನ್‌ಹಾವ್ ಯುಎ ಅನ್ನೋ ಚೀನೀ ಗೀತನಾಟಕದ ಮಂಡಳಿಯ ವಾದ್ಯಗೋಷ್ಠಿಯಿಂದ ಬಂದವರು, ಚೆನ್ ಗಾಂಗ್ ಹಾರ್ಮನಿ ಬಲ್ಲವರು, ಇಬ್ಬರೂ ಇನ್ನೂ ವಿದ್ಯಾರ್ಥಿಗಳು. ವಯಲಿನ್ನನ್ನ ಚೀನೀ ಕಿವಿಗೆ ಒಗ್ಗಿಸೋಕೆ ಅಂತ ಅಲ್ಲಿ ವಿದ್ಯಾರ್ಥಿಗಳದೇ ಒಂದು ಪ್ರಯೋಗ ತಂಡ ಇತ್ತು. 1959ರ ಮೇನಲ್ಲಿ ಯೂ ಲೀನಾ ಅದನ್ನ ಮೊದಲು ನುಡಿಸಿದಾಗ ಜನಕ್ಕೆ ಹಿಡಿಸಿದ್ದು ಆ ಜಾರುಗಳಿಂದ ಅಂತ ನನಗನ್ನಿಸುತ್ತೆ, ಆರ್ಕೆಸ್ಟ್ರಾದ ಅಬ್ಬರದಿಂದಲ್ಲ.

ಇನ್ನು ವೈಬ್ರೇಟೊ. ಯುರೋಪಿನ ಕೈ ಪ್ರತಿ ಸ್ವರವನ್ನೂ ನಡುಗಿಸುತ್ತೆ. ನಿಲ್ಲಿಸಿ ಅಂತ ಬರೆಯಿರಿ. ಸ್ವರ ಬೋಳಾಗಿ ಶುರುವಾಗಲಿ, ಉದ್ದವಾಗಿದ್ದರೆ ಕೊನೆಯಲ್ಲಿ ಸ್ವಲ್ಪ ಅಲುಗಲಿ.

ಹಳೇ ರೇಡಿಯೋ

ವಿಷಯಾಂತರಕ್ಕೆ ಕ್ಷಮಿಸಿ. ಎರ್ಹುವನ್ನ ಬೀದಿಯಿಂದ ಕಛೇರಿ ವೇದಿಕೆಗೆ ತಂದ ಲ್ಯೂ ತಿಯೆನ್‌ಹ್ವಾ ವಯಲಿನ್ ಕಲಿತು ಅದರ ಕೈಚಳಕವನ್ನ ಎರ್ಹುವಿಗೆ ತಂದವರು. ಹುಟ್ಟಿದ್ದು 1895. ನಮ್ಮ ತಿರುಮಕೂಡಲು ಚೌಡಯ್ಯನವರು ಹುಟ್ಟಿದ್ದೂ 1895. ಅವರು ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದರು. ಒಂದೇ ವರ್ಷದಲ್ಲಿ ಹುಟ್ಟಿದ ಇಬ್ಬರು ಒಂದೇ ಪಿಟೀಲಿನ ಜೊತೆ ಎಂಥ ಬೇರೆ ಬೇರೆ ವ್ಯವಹಾರ ಮಾಡಿದರು ನೋಡಿ.

ಪೇಢಾಪ್ರಿಯ ಧಾರವಾಡ

ಛಲೋ ಹೇಳಿದ್ರಿ. ತಂಬೂರಿ ವಿಷಯ ನಾ ವಾಪಸ್ ತಗೊಂಡೇನಿ. ಆದ್ರ ಒಂದು ಕೇಳ್ಬೇಕು. ಗ ಸ್ವರ ನನಗ ಒಂದೆರಡು ಕಡೆ ಪೂರ್ತಿ ಶುದ್ಧ ಅನಸಲಿಲ್ಲ. ಸ್ವಲ್ಪ ಏರಿರ್ತದ. ಕಿವಿ ದೋಷನೋ ಏನೋ.

ಗ್ರಹಭೇದ

ಕಿವಿ ದೋಷ ಅಲ್ಲ ಸರ್. ಪಿಯಾನೊ ಗುಂಡಿಗಳ ಮಧ್ಯೆ ಬೀಳೋ ಸ್ವರ ಅಲ್ಲಿ ಧಾರಾಳ. ಸಿಂಗಪುರದಲ್ಲಿ ತಿಯೊಚ್ಯೂ ಜನ ಬಹಳ ಇದ್ದಾರಲ್ಲ, ಅವರ ಮೂಲ ಸೀಮೆ ಚಾವ್‌ಝೋವಿನ ಸಂಗೀತದಲ್ಲಿ ಇದನ್ನ ಶಾಸ್ತ್ರವಾಗಿಯೇ ಮಾಡಿಟ್ಟಿದ್ದಾರೆ. ಅದೇ ಮಟ್ಟನ್ನ 'ಹಗುರ 3, 6' ಅಂತ ಒಮ್ಮೆ, 'ಭಾರದ 3, 6' ಅಂತ ಇನ್ನೊಮ್ಮೆ ನುಡಿಸ್ತಾರೆ. ಭಾರ ಅಂದ್ರೆ ತಂತಿಯನ್ನ ಜೋರಾಗಿ ಒತ್ತೋದು. ಒತ್ತಿದಾಗ ಗ ಮ ಕಡೆಗೆ, ದ ನಿ ಕಡೆಗೆ ಏರುತ್ತೆ. ಹಗುರದಲ್ಲಿ ನಗು, ಭಾರದಲ್ಲಿ ಗಾಂಭೀರ್ಯ. ನಮ್ಮ ಮೈಸೂರಿನವರು ಬಾಣನ ವಯಲಿನ್ನಿಗೆ ಮೋಹನ ಬರೆದು ಕೈತೊಳೆದುಕೊಂಡರೆ ಇದು ಸಿಗಲ್ಲ. ತಂತಿವಾದ್ಯದ ಭಾಗ್ಯ ಅಂದ್ರೆ ಗುಂಡಿ ಇಲ್ಲದಿರೋದು. ಅದನ್ನ ಉಪಯೋಗಿಸಿಕೊಳ್ಳಿ.

ವಯೋಲಾ ಮೈಸೂರು

ಬಾಣ ಯಾರು ಸ್ವಾಮಿ?

ಗ್ರಹಭೇದ

ಕ್ಷಮಿಸಿ, ಯುರೋಪಿನ ಸಂಯೋಜಕ ಬಾಖ್‌ನ. ಫೋನಿನ ಕಿತಾಪತಿ.

ಸೆಲ್ಲೊ ಸುಬ್ಬಿ | ಗುರುವಾರ

ನೆನಪಾಯ್ತು. ಮೀಟೋ ವಾದ್ಯದ ಕಡೆಯಿಂದಲೂ ಒಂದು ದಾರಿ ಇದೆ. ಝೋ ಲಾಂಗ್ ಅವರ 'ಸಾಂಗ್ ಆಫ್ ದ ಚಿನ್', 1982ರದ್ದು, ನಾಲ್ಕು ತಂತಿವಾದ್ಯಕ್ಕೆ. ಗುಚಿನ್ ಅನ್ನೋ ಏಳು ತಂತಿಯ ವಾದ್ಯವನ್ನ ಕಮಾನಿನ ವಾದ್ಯಗಳಲ್ಲಿ ಕೇಳಿಸ್ತಾರೆ. ತಂತಿ ಮೀಟಿ, ನಾದ ಸಾಯೋ ಮೊದಲೇ ಬೆರಳು ಜಾರಿಸೋದು, ನಮ್ಮ ವೀಣೆ ಕೇಳಿದವರಿಗೆ ತಕ್ಷಣ ಹಿಡಿಯುತ್ತೆ. ಸೆಲ್ಲೊದಲ್ಲಿ ಇದು ಚೆನ್ನಾಗಿ ಬರುತ್ತೆ, ಉದ್ದ ತಂತಿ ಅಲ್ವಾ. ನಿಮ್ಮ ಸೆಲ್ಲೊದವರು ಎರಡನೇ ಸುತ್ತಿನಲ್ಲಿ ಮೂಳೆ ಸ್ವರಗಳನ್ನ ಮೀಟಿ ನೋಡಲಿ.

ಹಳೇ ರೇಡಿಯೋ

ಗುಚಿನ್ ಅಂದ್ರೆ ವಾಯೇಜರ್ ಬಾಹ್ಯಾಕಾಶ ನೌಕೆಯ ಧ್ವನಿತಟ್ಟೆಯಲ್ಲಿ ಹೋಗಿದೆಯಲ್ಲ, ಗುವಾನ್ ಪಿಂಗ್‌ಹು ನುಡಿಸಿದ್ದು, ಅದೇ. 1977. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಭೈರವಿಯೂ ಇದೆ.

ವಯೋಲಾ ಮೈಸೂರು | ಮುಂದಿನ ಭಾನುವಾರ ರಾತ್ರಿ

ಇವತ್ತಿನ ಅಭ್ಯಾಸದ ವರದಿ ಒಪ್ಪಿಸ್ತೀನಿ.

ಮೊದಲು ಹಬ್ಬದ ವಿಷಯ. ಅಬಿಂಗ್‌ನ ಕಥೆ ಹೇಳಿದೆ. ಚೀನೀ ಆಂಟಿ ಒಬ್ಬರು, "ನಾನು ಮೊದಲ ದಿನವೇ ಹೇಳೋಣ ಅಂದುಕೊಂಡೆ, ಎಲ್ಲರೂ ಇಷ್ಟು ಹುರುಪಲ್ಲಿದ್ದಿರಿ" ಅಂದರು. ಹಬ್ಬಕ್ಕೆ ಮಲ್ಲಿಗೆ ಹೂವಿನ ಹಾಡು, ಮೋ ಲಿ ಹ್ವಾ, ಮಕ್ಕಳೂ ಜೊತೆಗೆ ಹಾಡಬಹುದು. ಇದು ವರ್ಷದ ಕೊನೆಯ ಸಣ್ಣ ಕಛೇರಿಗೆ ಹೋಯ್ತು. ಸದ್ಯ, ಉಸಿರಾಡೋಕೆ ಸಮಯ ಸಿಕ್ತು.

ಆರಂಭದ ನಿಟ್ಟುಸಿರನ್ನ ನಾನೊಬ್ಬನೇ ನುಡಿಸಿದೆ. ಕೈ ನಡುಗಿತು. ವೈಬ್ರೇಟೊ ಬೇಡ ಅಂದಿದ್ದಿರಿ, ಅದು ತಾನಾಗೇ ಬಂತು. ಮೊದಲ ಸುತ್ತಿಗೆ ಒಂದು ಸೆಲ್ಲೊ ಬಂದು ಸೇರ್ತು, ಮೂಳೆ ಸ್ವರ ಮಾತ್ರ. ಶುರುವಿನಲ್ಲಿ ಆಕೆ ನನಗಾಗಿ ಕಾಯ್ತಾ, ನಾನು ಆಕೆಗಾಗಿ ಕಾಯ್ತಾ, ಇಬ್ಬರೂ ಬಾಗಿಲಲ್ಲಿ 'ನೀವು ಹೋಗಿ, ನೀವು ಹೋಗಿ' ಅನ್ನೋ ಹಾಗಾಯ್ತು. ಮೂರನೇ ಸಲಕ್ಕೆ ಬಿಟ್ಟುಬಿಟ್ಟೆವು, ಅವರವರ ಪಾಡಿಗೆ. ಆಗ ಕೂಡಿತು.

ಬೆರಳಿನ ಅಂಕಿ ಕೆಲಸ ಮಾಡ್ತು. ಒಂದನೇ ವಯಲಿನ್ ಹುಡುಗಿ, ವಯಲಿನ್ ಪರೀಕ್ಷೆಯ ಎಂಟನೇ ಗ್ರೇಡ್ ಮುಗಿಸಿರೋಳು, "ಇದು ತಪ್ಪು ಫಿಂಗರಿಂಗ್, ಇಲ್ಲಿ ಯಾರೂ ಹೀಗೆ ಹಾಕಲ್ಲ" ಅಂತ ಜಗಳಕ್ಕೆ ಬಂದಳು. ಹಾಕಿ ನೋಡು ಅಂದೆ. 'ಗ'ದಿಂದ 'ಪ'ಕ್ಕೆ ಒಂದೇ ಬೆರಳಲ್ಲಿ ಜಾರಿದಳು, ತಾನೇ ನಿಲ್ಲಿಸಿ ಇನ್ನೊಂದು ಸಲ ಮಾಡಿದಳು. ಆಮೇಲೆ ಏನೂ ಅನ್ನಲಿಲ್ಲ. ಎರಡನೇ ವಯಲಿನ್ನಿನವರಿಗೆ ಮಾತ್ರ ಇನ್ನೂ ಕೆಲಸ ಸಾಲದು ಅಂತ ಬೇಜಾರು. ನಾಲ್ಕನೇ ಸುತ್ತಿನವರೆಗೆ ಕಾಯಬೇಕು ಅವರು. ಮೂನ್‌ಕೇಕ್ ಕೊಟ್ಟು ಸಮಾಧಾನ ಮಾಡಿದ್ದೀನಿ.

ಕಾರ್ಡುಗಳನ್ನ ಪೂರ್ತಿ ಬಿಟ್ಟಿಲ್ಲ, ಅರಮನೆ ಬ್ಯಾಂಡು ಅವರೇ. ಮಟ್ಟು ಅತಿ ಮೇಲೇರೋ ಕಡೆ ಏಳೂ ಜನ ಒಟ್ಟಿಗೆ ಒಂದೇ ಒಂದು ಸಲ, ಜಿ ಮತ್ತು ಡಿ, ನಡುವೆ ಗ ಇಲ್ಲದ ಖಾಲಿ ಸ-ಪ ಕಾರ್ಡು. ಅಲ್ಲಿ ಅದು ಬೇಕು ಅನ್ನಿಸ್ತು.

ಅರಮನೆ ಬ್ಯಾಂಡು

ಅಷ್ಟಾದರೂ ದಯೆ ತೋರಿಸಿದ್ರಲ್ಲ.

ಕಮಾನುಕಟ್ಟೆ

ಆ ಅಂಕಲ್ ಬಂದಿದ್ದರಾ?

ವಯೋಲಾ ಮೈಸೂರು

ಬಂದಿದ್ದರು. ಬಾಗಿಲ ಹತ್ರ ನಿಂತೇ ಪೂರ್ತಿ ಕೇಳಿದರು. ಆಮೇಲೆ ನನ್ನ ಸ್ಟ್ಯಾಂಡಿನ ಹತ್ರ ಬಂದು, ಪೆನ್ಸಿಲ್ ಕೇಳಿ ಇಸಿದುಕೊಂಡು, ಹನ್ನೆರಡನೇ ಬಾರಿನಲ್ಲಿ ನಾನು ಬರೆದಿದ್ದ ಬೆರಳಿನ ಅಂಕಿ 2 ಹೊಡೆದು ಹಾಕಿ 1 ಅಂತ ಬರೆದರು. ಪೆನ್ಸಿಲ್ ವಾಪಸ್ ಕೊಟ್ಟು ಹೋದರು.

ಕಮಾನುಕಟ್ಟೆ

1 ಹಾಕಿ ನುಡಿಸಿ ನೋಡಿದ್ರಾ?

ವಯೋಲಾ ಮೈಸೂರು

ಈಗ ರಾತ್ರಿ ಹನ್ನೊಂದೂವರೆ, ಪಕ್ಕದ ಮನೆಯವರು ಮಲಗಿದ್ದಾರೆ. ಮ್ಯೂಟ್ ಹಾಕಿ ನಾಲ್ಕು ಸಲ ನುಡಿಸಿದೆ. ಅವರು ಹೇಳಿದ್ದೇ ಸರಿ. ಜಾರು ಸ್ವಲ್ಪ ಉದ್ದ ಆಗುತ್ತೆ, ಪ ಮುಟ್ಟೋದು ತಡ ಆಗುತ್ತೆ.

ಸೆಲ್ಲೊ ಸುಬ್ಬಿ

ಸೆಲ್ಲೊ ಪಾರ್ಟಿನ ಪಿಡಿಎಫ್ ಕಳಿಸ್ತೀರಾ?